ಯಾವ ಕಾಲಿಗೆ ಯಾವ ಚಪ್ಪಲಿ, ಯಾವ ಹಿಮ್ಮಡಿಗೆ ಯಾವ ಮುಲಾಮು?

ಹೋದ ವರ್ಷ ದೀಪಾವಳಿಗೆ ಮುಂಚಿನ ಒಂದು ಸಂಜೆ. ಅಪ್ಪ ಸಂತೆಗೆ ಹೋಗಿ ಬಂದು ಬಚ್ಚಲಿಗೆ ಹೋಗಿದ್ದರು. ಅಮ್ಮ ದೀಪ ಹಚ್ಚಲು ಬಂದವಳು ನೆಲ ನೋಡಿ, "ಕುಂಕುಮ ಯಾರು ಚೆಲ್ಲಿದ್ದು?" ಎಂದಳು. ಬಾಗಿಲಿನಿಂದ ಬಚ್ಚಲವರೆಗೆ ಅಳತೆ ಇಟ್ಟ ಹಾಗೆ ಕೆಂಪು ಚುಕ್ಕೆಗಳು. ಹೊರಗೆ ಬಿಟ್ಟಿದ್ದ ಹವಾಯಿ ಚಪ್ಪಲಿ ತಿರುಗಿಸಿ ನೋಡಿದೆ. ಬಲಗಾಲಿನ ಅಟ್ಟೆಯಲ್ಲಿ ಒಂದು ಡ್ರಾಯಿಂಗ್ ಪಿನ್. ತಲೆ ಕೆಳಗೆ, ಮೊನೆ ಒಳಗೆ. ಅದನ್ನು ತುಳಿದುಕೊಂಡೇ ಅಪ್ಪ ಸಂತೆ ಪೂರ್ತಿ ಸುತ್ತಿ, ಎರಡು ಚೀಲ ಹೊತ್ತು ಬಂದಿದ್ದರು. "ಏನೂ ಗೊತ್ತಾಗ್ಲಿಲ್ಲ ಮಾರಾಯ" ಎಂದರು. ಅವರಿಗೆ ಶುಗರ್ ಬಂದು 14 ವರ್ಷ.

ಆ ಗಾಯ ಮಾಯಲು ಒಂದೂವರೆ ತಿಂಗಳು ಹಿಡಿಯಿತು. ಅಷ್ಟರಲ್ಲಿ ನಾನು ಡಾಕ್ಟರನ್ನು ಕೇಳಿ, ಓದಿ, ಕೊಂಡು, ಕೆಲವನ್ನು ಬಿಸಾಡಿ ಸ್ವಲ್ಪ ಕಲಿತೆ. ನಮ್ಮ ಮನೆಯಲ್ಲಿ ನಾಲ್ಕು ಜೊತೆ ಕಾಲುಗಳ ಕಥೆ ಇದೆ. ಅಪ್ಪನ ಅಂಗಾಲಿಗೆ ಸ್ಪರ್ಶವೇ ತಿಳಿಯುವುದಿಲ್ಲ. ಅಮ್ಮನ ಹಿಮ್ಮಡಿ ಒಡೆದು ಸೀರೆ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ನಾನು ಮೇಷ್ಟ್ರು, ದಿನಕ್ಕೆ ಐದಾರು ಪೀರಿಯಡ್ ನಿಂತು ನಿಂತು ಹಿಮ್ಮಡಿ ನೋವು. ತೀರ್ಥಹಳ್ಳಿ ಕಡೆ ಅಡಿಕೆ ತೋಟ ಮಾಡುವ ಭಾವನಿಗೆ ಮಳೆಗಾಲ ಪೂರ್ತಿ ಬೆರಳ ಸಂದಿಯಲ್ಲಿ ಕೆಸರು ಹುಣ್ಣು. ಒಬ್ಬರಿಗೆ ಒಳ್ಳೆಯದಾದದ್ದು ಇನ್ನೊಬ್ಬರಿಗೆ ಆಗಲಿಲ್ಲ, ಒಂದೆರಡು ಸಲ ಕೆಟ್ಟದ್ದೇ ಆಯಿತು. ಅದಕ್ಕೇ ಅಂಗಡಿಯಲ್ಲಿ "ಒಳ್ಳೇದು ಯಾವುದು?" ಎಂದು ಕೇಳುವ ಮೊದಲು ನಿಮ್ಮ ಕಾಲಿಗೆ ಆಗಿರುವುದು ಏನು ಎಂದು ನೋಡಿಕೊಳ್ಳಿ.

ಶುಗರ್ ಇದ್ದವರ ಕಾಲು: ಮೊದಲು ಸ್ಪರ್ಶ ನೋಡಿ, ಆಮೇಲೆ ಚಪ್ಪಲಿ

2023ರಲ್ಲಿ ಪ್ರಕಟವಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆಯ ಲೆಕ್ಕದಲ್ಲಿ ದೇಶದಲ್ಲಿ 10 ಕೋಟಿಗೂ ಜಾಸ್ತಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಅವರೆಲ್ಲರಿಗೂ ವಿಶೇಷ ಚಪ್ಪಲಿ ಬೇಕು ಅಂತೇನಿಲ್ಲ. ಅಂಗಡಿಯವರು ಬೇಕು ಅನ್ನುತ್ತಾರೆ, ಅದು ಬೇರೆ ಮಾತು. ಕಾಲಿಗೆ ಸ್ಪರ್ಶ ಉಳಿದಿದೆಯೇ ಎಂಬುದರ ಮೇಲೆ ಆಯ್ಕೆ ನಿಂತಿದೆ.

ಡಾಕ್ಟರು ಇದನ್ನು ನೈಲಾನ್ ಎಳೆಯಂಥ ಮೊನೊಫಿಲಮೆಂಟ್ ಒತ್ತಿ ನೋಡುತ್ತಾರೆ. ಅದು 10 ಗ್ರಾಂ ಒತ್ತಡಕ್ಕೆ ಬಾಗುತ್ತದೆ. ಮನೆಯಲ್ಲೂ ಸುಲಭವಾಗಿ ಒಂದು ಪರೀಕ್ಷೆ ಮಾಡಬಹುದು. ಅವರನ್ನು ಮಲಗಿಸಿ, ಕಣ್ಣು ಮುಚ್ಚಲು ಹೇಳಿ. ನಿಮ್ಮ ತೋರುಬೆರಳಿನ ತುದಿಯನ್ನು ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಗೆ ಒಂದೆರಡು ಸೆಕೆಂಡ್ ಸುಮ್ನೆ ತಾಗಿಸಿ. ಒತ್ತಬೇಡಿ, ತಟ್ಟಬೇಡಿ. ಎರಡೂ ಕಾಲು ಸೇರಿ ಆರು ಬೆರಳು. ತಾಗಿದಾಗ ಎಡವೋ ಬಲವೋ ಹೇಳಬೇಕು. ಆರರಲ್ಲಿ ಎರಡು ಅಥವಾ ಅದಕ್ಕಿಂತ ಹೆಚ್ಚು ತಪ್ಪಿದರೆ ಸ್ಪರ್ಶ ಕಡಿಮೆಯಾಗಿದೆ ಎಂದು ತಿಳಿದು ಡಾಕ್ಟರಿಗೆ ತೋರಿಸಿ. ಅಪ್ಪ ಆರರಲ್ಲಿ ನಾಲ್ಕು ತಪ್ಪಿದರು. ಮಜಾ ಅಂದರೆ, ನಾನು ಮುಟ್ಟದೇ ಇದ್ದಾಗಲೂ ಒಂದು ಸಲ "ಬಲ" ಎಂದರು.

ಸ್ಪರ್ಶ ಸರಿ ಇದ್ದರೆ ಸಾಮಾನ್ಯ ಶೂ ಅಥವಾ ಹಿಂದೆ ಪಟ್ಟಿ ಇರುವ ಚಪ್ಪಲಿಯೇ ಸಾಕು. ಅಳತೆ ಸರಿ ಇರಬೇಕು, ಒಳಗೆ ಚುಚ್ಚುವ ಹೊಲಿಗೆ ಇರಬಾರದು, ಅಷ್ಟೇ. ಹೆಚ್ಚು ದುಡ್ಡು ಕೊಡಬೇಡಿ.

ಸ್ಪರ್ಶ ಇಲ್ಲದವರಿಗೆ ಲೆಕ್ಕವೇ ಬೇರೆ. ಅವರಿಗೆ ಹವಾಯಿ ಬೇಡವೇ ಬೇಡ. ಉಂಗುಷ್ಟ, ಅಂದರೆ ಬೆರಳ ನಡುವೆ ಬರುವ ಪಟ್ಟಿ, ಸಂದಿಯನ್ನು ಉಜ್ಜುತ್ತದೆ, ಹುಣ್ಣಾದರೂ ತಿಳಿಯುವುದಿಲ್ಲ. ಹಿಂದೆ ಪಟ್ಟಿ ಇಲ್ಲದ ಕಾರಣ ನಡೆಯುತ್ತಾ ಚಪ್ಪಲಿ ಕಾಲಿನಿಂದ ಜಾರಿ ಹೋಗಿ, ಬರಿಗಾಲಲ್ಲಿ ನಾಲ್ಕು ಹೆಜ್ಜೆ ಹಾಕಿದವರೂ ಇದ್ದಾರೆ. ರಬ್ಬರು ಎಷ್ಟು ಮೆತ್ತಗೆ ಅಂದರೆ ಪಿನ್ನು, ಮುಳ್ಳು ಎಲ್ಲ ಸಲೀಸಾಗಿ ದಾಟಿ ಬರುತ್ತವೆ.

ಕೊಲ್ಹಾಪುರಿಯೂ ಇವರಿಗಲ್ಲ. ಇದನ್ನು ಹೇಳಲು ನನಗೇ ಬೇಜಾರು. 2019ರಲ್ಲಿ ಅದಕ್ಕೆ ಜಿಐ ಮಾನ್ಯತೆ, ಅಂದರೆ ಇಂಥ ಊರಿನದೇ ವಸ್ತು ಎಂಬ ಅಧಿಕೃತ ಗುರುತು, ಸಿಕ್ಕಾಗ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದ್ದವು. ಅಥಣಿಯ ಕಡೆ ಕೈಯಲ್ಲೇ ಹೊಲಿದ ಒಂದು ಜೊತೆ ನನ್ನ ಬಳಿಯೂ ಇದೆ. ಆದರೆ ಅದರ ತಳ ಗಟ್ಟಿ ಚರ್ಮ. ಕಚ್ಚಿ ಕಚ್ಚಿ ಕಾಲಿಗೆ ಹೊಂದಿಕೊಳ್ಳುತ್ತದೆ. ಕಚ್ಚಿದ್ದು ಗೊತ್ತಾಗುವ ಕಾಲಿಗೆ ಅದು ಸರಿ.

ಉಳಿದದ್ದು ಎಂಸಿಆರ್ ಚಪ್ಪಲಿ ಮತ್ತು ಸ್ಪೋರ್ಟ್ಸ್ ಶೂ.

ಎಂಸಿಆರ್ ಅಂದರೆ ಮೈಕ್ರೋ ಸೆಲ್ಯುಲಾರ್ ರಬ್ಬರ್. ಒಳಗೆಲ್ಲ ಕಣ್ಣಿಗೆ ಕಾಣದ ಗಾಳಿಗುಳ್ಳೆಗಳಿರುವ ರಬ್ಬರು. ಇದರ ಹಿಂದೆ ವೆಲ್ಲೂರಿನ ಕಥೆ ಇದೆ. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು 1940ರ ದಶಕದ ಕೊನೆಯಿಂದ ಕುಷ್ಠರೋಗಿಗಳ ಕೈಕಾಲುಗಳ ಮೇಲೆ ಕೆಲಸ ಮಾಡಿದರು. ರೋಗ ಬೆರಳನ್ನು ತಿನ್ನುವುದಿಲ್ಲ, ನೋವು ತಿಳಿಯದ್ದರಿಂದ ಆಗುವ ಗಾಯಗಳೇ ಬೆರಳನ್ನು ತಿನ್ನುತ್ತವೆ ಎಂದು ಅವರು ತೋರಿಸಿಕೊಟ್ಟರು. ಆ ಕೆಲಸದಿಂದಲೇ ಈ ಮೆತ್ತನೆಯ ರಬ್ಬರಿನ ಚಪ್ಪಲಿ ಬಂತು. ಸ್ಪರ್ಶ ಕಳೆದುಕೊಂಡ ಕಾಲು ಕುಷ್ಠದ್ದಾದರೂ ಶುಗರಿನದ್ದಾದರೂ ಬೇಕಾದದ್ದು ಒಂದೇ, ಅಲ್ವಾ?

ಕೊಳ್ಳುವಾಗ ಎರಡು ವಿಷಯ ನೋಡಿ. ಮೊದಲನೆಯದು, ಎಂಸಿಆರ್ ಒಳಗಿನ ಹಾಸು ಮಾತ್ರ. ಅದರ ಕೆಳಗೆ ಗಟ್ಟಿಯಾದ ಬೇರೆ ಅಟ್ಟೆ ಇರಲೇಬೇಕು, ಇಲ್ಲದಿದ್ದರೆ ನಮ್ಮ ಡ್ರಾಯಿಂಗ್ ಪಿನ್ನಿನ ಕಥೆ ಮತ್ತೆ. ಎರಡನೆಯದು, ಹೆಬ್ಬೆರಳಿನಿಂದ ಹಾಸನ್ನು ಒತ್ತಿ ನೋಡಿ. ಒಳಗೆ ಹೋಗಬೇಕು, ಬಿಟ್ಟ ಕೂಡಲೇ ವಾಪಸ್ ಬರಬೇಕು. ಒತ್ತಿದರೆ ಪೂರ್ತಿ ಕೆಳಗಿನ ಅಟ್ಟೆಗೇ ತಾಗುವಷ್ಟು ಮೆತ್ತಗಿದ್ದರೆ ಬೇಡ. ಅಂಗಡಿಯಲ್ಲಿ ಎರಡು ಹೆಜ್ಜೆಗೆ ಅದು ಹತ್ತಿಯಂತೆ ಹಿತವಾಗಿರುತ್ತದೆ, ತಿಂಗಳಲ್ಲಿ ಚಪ್ಪಟೆಯಾಗುತ್ತದೆ. ನಾನು ಮೊದಲು ತಂದದ್ದು ಅಂಥದ್ದೇ. ಡಬ್ಬಿ ಮೇಲೆ "ಡಯಾಬಿಟಿಕ್" ಎಂದು ದೊಡ್ಡದಾಗಿ ಬರೆದಿತ್ತು.

ಎಂಸಿಆರ್ ಆರಿಸಿಕೊಳ್ಳಬೇಕಾದದ್ದು ಕಾಲು ಬೇಗ ಬೆವರುವವರು, ಸಂಜೆಗೆ ಪಾದ ಊದುವವರು. ವೆಲ್ಕ್ರೋ ಪಟ್ಟಿ ಸಡಿಲ ಮಾಡಿಕೊಳ್ಳಬಹುದು. ಮುಂದೆ ತೆರೆದಿರುವುದರಿಂದ ಬೆರಳಿಗೆ ಕಲ್ಲು ತಾಗುವ ಭಯ ಇದ್ದೇ ಇದೆ. ಹೊಲ, ತೋಟ, ಕಾಮಗಾರಿ ನಡೆಯುವ ರಸ್ತೆ ಅಂತ ಓಡಾಡುವವರಿಗೆ ಮುಂಭಾಗ ಅಗಲವಾಗಿರುವ, ಲೇಸ್ ಕಟ್ಟುವ ಸ್ಪೋರ್ಟ್ಸ್ ಶೂ ಒಳ್ಳೆಯದು. ಬಿಳಿ ಸಾಕ್ಸ್ ಹಾಕಿ. ರಕ್ತವೋ ಕೀವೋ ಅಂಟಿದರೆ ಬಿಳಿಯಲ್ಲಿ ತಕ್ಷಣ ಕಾಣುತ್ತದೆ.

ಹಿಂದೆ ಒಮ್ಮೆಯಾದರೂ ಅಂಗಾಲಿನಲ್ಲಿ ಹುಣ್ಣಾಗಿದ್ದರೆ, ಬೆರಳು ಸೊಟ್ಟಗಾಗಿದ್ದರೆ, ಬೆರಳು ತೆಗೆದಿದ್ದರೆ ಇವು ಯಾವುದೂ ಸಾಲದು. ಅಂಥ ಕಾಲಿನ ಅಚ್ಚು ತೆಗೆದು ಚಪ್ಪಲಿ ಮಾಡಿಸಬೇಕು. ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್‌ನಲ್ಲಿ ಪಾದಕ್ಕೆಂದೇ ಪೊಡಿಯಾಟ್ರಿ ವಿಭಾಗ ಇದೆ. ದೂರದವರು ತಮ್ಮ ಶುಗರ್ ಡಾಕ್ಟರನ್ನೇ ಕೇಳಿದರೆ ಹತ್ತಿರದ ಜಾಗ ಹೇಳುತ್ತಾರೆ.

ಮನೆಯೊಳಗೆ? ಸ್ಪರ್ಶ ಇಲ್ಲದವರು ಒಳಗೂ ಬರಿಗಾಲಲ್ಲಿ ಓಡಾಡಬಾರದು. ನಮ್ಮ ಮನೆಯಲ್ಲಿ ಇದು ದೊಡ್ಡ ಜಗಳವಾಯಿತು. ಅಡುಗೆಮನೆಗೆ ಚಪ್ಪಲಿಯೇ ಎಂದು ಅಮ್ಮ ಹೌಹಾರಿದಳು. ಕೊನೆಗೆ ಹೊಸಿಲು ದಾಟದ ಒಂದು ಜೊತೆ ಬೇರೆಯೇ ತಂದೆವು, ದೇವರ ಕೋಣೆಗೆ ಮಾತ್ರ ದಪ್ಪ ಸಾಕ್ಸ್. ದೇವಸ್ಥಾನಕ್ಕೂ ಅದೇ. ಮಧ್ಯಾಹ್ನ ಹನ್ನೆರಡಕ್ಕೆ ಕಾದ ಕಲ್ಲುಚಪ್ಪಡಿ ಮೇಲೆ ಪ್ರದಕ್ಷಿಣೆ ಹಾಕಿದರೆ ಅಂಗಾಲಿಗೆ ಬೊಬ್ಬೆ ಬಂದದ್ದು ಮನೆಗೆ ಬಂದ ಮೇಲೇ ಗೊತ್ತಾಗುವುದು. ಬೆಳಿಗ್ಗೆ ಬೇಗ ಹೋಗಿ.

ಒಡೆದ ಹಿಮ್ಮಡಿ: ತುಪ್ಪವೋ, ವ್ಯಾಸಲೀನೋ, ಯೂರಿಯಾ ಕ್ರೀಮೋ

ಅಂಗಾಲಿನ ಚರ್ಮಕ್ಕೆ ಬೆವರಿನ ಗ್ರಂಥಿ ಇದೆ, ಎಣ್ಣೆಯ ಗ್ರಂಥಿ ಇಲ್ಲ. ಮುಖದಂತೆ ಅದಕ್ಕೆ ತಾನೇ ಜಿಡ್ಡು ಬರುವುದಿಲ್ಲ. ಒಣಗಿ, ಅಂಚಿನಲ್ಲಿ ಜಡ್ಡುಗಟ್ಟುತ್ತದೆ. ನಿಂತಾಗ ಮೈಭಾರಕ್ಕೆ ಹಿಮ್ಮಡಿಯ ಮೆತ್ತೆ ಪಕ್ಕಕ್ಕೆ ಹರಡುತ್ತದೆ. ಜಡ್ಡು ಹಿಗ್ಗುವುದಿಲ್ಲ, ಸೀಳುತ್ತದೆ. ಹಿಂದೆ ತೆರೆದ ಚಪ್ಪಲಿಯಲ್ಲಿ ಇದು ಜಾಸ್ತಿ. ಹಿಂಬದಿ ಮುಚ್ಚಿದ ಶೂ ಮತ್ತು ಸಾಕ್ಸ್ ಹಾಕುವವರಿಗೆ ಕಡಿಮೆ, ಯಾಕೆಂದರೆ ಮೆತ್ತೆ ಹರಡಲು ಅಲ್ಲಿ ಜಾಗ ಇಲ್ಲ.

ಇದಕ್ಕೆ ಹಚ್ಚುವ ವಸ್ತುಗಳು ಎರಡು ಜಾತಿ. ಇರುವ ನೀರನ್ನು ಹೊರಗೆ ಬಿಡದೆ ಮುಚ್ಚುವಂಥವು ಒಂದು. ಜಡ್ಡನ್ನೇ ಸಡಿಲ ಮಾಡುವಂಥವು ಇನ್ನೊಂದು.

ವ್ಯಾಸಲೀನ್, ಕೊಬ್ಬರಿ ಎಣ್ಣೆ, ನಮ್ಮ ಮಲೆನಾಡಿನ ಮುರುಗಲು ತುಪ್ಪ ಮೊದಲ ಜಾತಿ. ಮುರುಗಲು ತುಪ್ಪ ಗೊತ್ತಲ್ಲ, ಬೀಜ ಕುಟ್ಟಿ ಕುದಿಸಿ ತೆಗೆದದ್ದು. ಗಟ್ಟಿ ಉಂಡೆ, ಮೈಬಿಸಿಗೆ ನಿಧಾನ ಕರಗುತ್ತದೆ. ಶಿರಸಿ ಕಡೆ ಉಪ್ಪಾಗೆ ತುಪ್ಪವನ್ನೂ ಹೀಗೇ ಹಚ್ಚುತ್ತಾರೆ. ಅಮ್ಮ ಅದನ್ನು ಹಳೆಯ ಚಮಚದಲ್ಲಿ ಒಲೆ ಪಕ್ಕ ಇಟ್ಟು ಬಿಸಿ ಮಾಡಿ, ಬೆರಳಲ್ಲಿ ಅದ್ದಿ ಬಿರುಕಿನೊಳಗೆ ತುಂಬುತ್ತಾಳೆ. ಗುಣದಲ್ಲಿ ವ್ಯಾಸಲೀನಿಗೂ ಇದಕ್ಕೂ ಬಹಳ ವ್ಯತ್ಯಾಸ ನನಗೆ ಕಂಡಿಲ್ಲ. ಮನೆಯಲ್ಲಿ ತುಪ್ಪ ಇದ್ದರೆ ಅದು, ಇಲ್ಲದಿದ್ದರೆ ವ್ಯಾಸಲೀನ್. ಕೊಬ್ಬರಿ ಎಣ್ಣೆ ತೆಳು, ಬೇಗ ಒರೆಸಿ ಹೋಗುತ್ತದೆ. ಅದೂ ಅಲ್ಲದೆ ಟೈಲ್ಸ್ ಮೇಲೆ ಜಾರುತ್ತದೆ. ವಯಸ್ಸಾದವರಿಗೆ ರಾತ್ರಿ ಅದು ಬೇಡ.

ಇವನ್ನು ಒಣ ಕಾಲಿಗೆ ಹಚ್ಚಿದರೆ ಅರ್ಧ ದಂಡ. ಹತ್ತು ನಿಮಿಷ ಉಗುರು ಬೆಚ್ಚಗಿನ ನೀರಲ್ಲಿ ಕಾಲಿಟ್ಟು, ಕಾಲು ಉಜ್ಜುವ ಕಲ್ಲಿನಿಂದ ಮೆಲ್ಲಗೆ ತಿಕ್ಕಿ, ಒರೆಸಿ, ಇನ್ನೂ ತೇವ ಇರುವಾಗಲೇ ಹಚ್ಚಿ ಹತ್ತಿ ಸಾಕ್ಸ್ ಹಾಕಿ ಮಲಗಬೇಕು. ಸ್ಪರ್ಶ ಇಲ್ಲದವರಿಗೆ ಈ ನೆನೆಸುವ ಕೆಲಸ ಬೇಡ, ನೀರಿನ ಬಿಸಿ ಅವರ ಕಾಲಿಗೆ ತಿಳಿಯುವುದಿಲ್ಲ. ಉಜ್ಜುವ ಕಲ್ಲೂ ಬೇಡ.

ಹಿಮ್ಮಡಿ ಸುತ್ತ ಹಳದಿ ಬಣ್ಣದ ದಪ್ಪ ಜಡ್ಡು ಇದ್ದರೆ ತುಪ್ಪ ಎಷ್ಟು ಹಚ್ಚಿದರೂ ಮೇಲೇ ಉಳಿಯುತ್ತದೆ. ಆಗ ಯೂರಿಯಾ ಕ್ರೀಮ್. ಹೌದು, ಗದ್ದೆಗೆ ಹಾಕುವ ಯೂರಿಯಾವೇ ಇದು, ಹೆಸರು ಕೇಳಿ ಭಾವ ಬಿದ್ದು ಬಿದ್ದು ನಕ್ಕರು. ಮೆಡಿಕಲ್‌ನಲ್ಲಿ ಸಿಗುವುದು ಚರ್ಮಕ್ಕೆಂದೇ ಮಾಡಿದ್ದು, ಗೊಬ್ಬರದ ಚೀಲಕ್ಕೆ ಕೈ ಹಾಕಬೇಡಿ. ಟ್ಯೂಬಿನ ಮೇಲೆ ಪ್ರಮಾಣ ಓದಿ. ಶೇ. 10 ಇದ್ದರೆ ಬರೀ ಒಣಗಿದ ಚರ್ಮಕ್ಕೆ, ದಿನಾ ಹಚ್ಚಲು ಸಾಕು. ಶೇ. 20ರಿಂದ 25 ಇದ್ದರೆ ಜಡ್ಡು ಮೆತ್ತಗಾಗುತ್ತದೆ. ಶೇ. 40 ಅಂದರೆ ಉಗುರನ್ನೂ ಮೆತ್ತಗೆ ಮಾಡುವಷ್ಟು ಜೋರು, ಡಾಕ್ಟರು ಹೇಳದೆ ಬೇಡ. ಅಮ್ಮನಿಗೆ ಕೆಲಸಕ್ಕೆ ಬಂದದ್ದು ಶೇ. 20ರದ್ದು. ಎರಡು ವಾರ ಅದು, ಜಡ್ಡು ಇಳಿದ ಮೇಲೆ ಮತ್ತೆ ತುಪ್ಪ.

ಬಿರುಕು ಆಳವಾಗಿ ರಕ್ತ ಬರುತ್ತಿದ್ದರೆ ಯೂರಿಯಾ ಉರಿಯುತ್ತದೆ. ಮೊದಲು ತೊಳೆದು, ವ್ಯಾಸಲೀನ್ ಹಚ್ಚಿ, ಪಟ್ಟಿ ಸುತ್ತಿ ಅದು ಕೂಡಿಕೊಳ್ಳಲು ಬಿಡಿ. ಊರ ಕಡೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುವ ಪದ್ಧತಿ ಇದೆ. ಅದು ಚರ್ಮ ಸುಡುವ ಎಣ್ಣೆ. ಜಡ್ಡು ಸುಟ್ಟು ಬೀಳುವುದು ನಿಜ, ಪಕ್ಕದ ಒಳ್ಳೆಯ ಚರ್ಮವೂ ಸುಡುತ್ತದೆ. ಇದೊಂದರ ಬಗ್ಗೆ ಅಜ್ಜಿ ಮಾತು ನಾನು ಕೇಳುವುದಿಲ್ಲ.

ತಿಂಗಳು ಕಳೆದರೂ ಕಡಿಮೆಯಾಗದೆ ತುರಿಕೆ, ಹೊಟ್ಟು ಏಳುವುದು ಇದ್ದರೆ ಅದು ಬರೀ ಒಡಕಲ್ಲ. ಫಂಗಸ್ಸೋ, ಸೋರಿಯಾಸಿಸ್ಸೋ ಇರಬಹುದು. ಚರ್ಮದ ಡಾಕ್ಟರಿಗೆ ತೋರಿಸಿ.

ಬೆಳಿಗ್ಗೆ ಎದ್ದ ಕೂಡಲೇ ಹಿಮ್ಮಡಿ ನೋವು

ಇದು ನನ್ನದು. ಮಂಚದಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಮೊಳೆ ತುಳಿದ ಹಾಗೆ. ಹತ್ತು ಹೆಜ್ಜೆ ಆದ ಮೇಲೆ ಕಡಿಮೆ. ಅಂಗಾಲಿನ ಉದ್ದಕ್ಕೆ ಹಿಮ್ಮಡಿಯಿಂದ ಬೆರಳಿನ ಬುಡಕ್ಕೆ ಒಂದು ಗಟ್ಟಿ ಪಟ್ಟಿ ಇದೆ, ಅದರ ತೊಂದರೆ ಇದು. ಎಕ್ಸ್‌ರೇ ತೆಗೆಸಿದರೆ "ಮೂಳೆ ಮುಳ್ಳು ಬೆಳೆದಿದೆ" ಅನ್ನಬಹುದು. ಗಾಬರಿ ಬೇಡ, ನೋವೇ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲೂ ಆ ಮುಳ್ಳು ಇರುತ್ತದೆ.

ದುಡ್ಡು ಬೇಡದ ಉಪಾಯವನ್ನು ಮೊದಲು ಮಾಡಿ. ಏಳುವ ಮುಂಚೆ ಹಾಸಿಗೆಯಲ್ಲೇ ಕೂತು ಟವೆಲನ್ನು ಅಂಗಾಲಿಗೆ ಹಾಕಿ, ಬೆರಳುಗಳನ್ನು ನಿಮ್ಮ ಕಡೆ ಎಳೆಯಿರಿ. ಅರ್ಧ ನಿಮಿಷದಂತೆ ಮೂರ್ನಾಲ್ಕು ಸಲ. ಸಂಜೆ ನೀರು ತುಂಬಿ ಫ್ರೀಜ್ ಮಾಡಿದ ಬಾಟಲಿಯನ್ನು ಸಾಕ್ಸ್ ಹಾಕಿದ ಅಂಗಾಲಿನ ಕೆಳಗೆ ಉರುಳಿಸಿ. ಮೀನಖಂಡ ಹಿಗ್ಗುವ ಹಾಗೆ ಗೋಡೆ ಹಿಡಿದು ನಿಲ್ಲುವುದೂ ಮುಖ್ಯ.

ಇದರ ಜೊತೆಗೆ ಏನು ಕೊಳ್ಳಬೇಕು? ಹಿಮ್ಮಡಿ ಕೆಳಗೆ ಇಡುವ ಸಿಲಿಕೋನ್ ಹೀಲ್ ಕಪ್ ಅಗ್ಗ, ಆದರೆ ಶೂ ಒಳಗೇ ಇರಬೇಕು, ಚಪ್ಪಲಿಯಲ್ಲಿ ನಿಲ್ಲುವುದಿಲ್ಲ. ನೋವು ಹಿಮ್ಮಡಿಯ ನಡುವೆ ಮಾತ್ರ ಇದ್ದರೆ ಅದು ಸಾಕು. ಪಾದದ ಕಮಾನಿನಲ್ಲೂ ನೋವಿದ್ದರೆ ಪೂರ್ತಿ ಉದ್ದದ, ಕಮಾನಿಗೆ ಆಸರೆ ಕೊಡುವ ಒಳಹಾಸು, ಅಂದರೆ ಇನ್‌ಸೋಲ್ ತಗೊಳ್ಳಿ. ಇವೆರಡಕ್ಕೂ ಮೊದಲು ನಿಮ್ಮ ಶೂ ಎತ್ತಿಕೊಂಡು ನೋಡಿ. ಬೆರಳು ಮಡಚುವ ಜಾಗದಲ್ಲಿ ಮಾತ್ರ ಬಾಗಬೇಕು. ನಡುವಿನಲ್ಲಿ ಚಪಾತಿಯಂತೆ ಮಡಚಿದರೆ, ಬಟ್ಟೆ ಹಿಂಡಿದ ಹಾಗೆ ತಿರುಚಿದರೆ ಆ ಶೂಗೆ ಎಂಥ ಇನ್‌ಸೋಲ್ ಹಾಕಿದರೂ ದಂಡ. ನನ್ನ ಶೂ ಮಡಚಿತು. ಶೂ ಬದಲಿಸಿದೆ, ಕಪ್ ಹಾಕಿದೆ, ಟವೆಲ್ ಎಳೆದೆ. ಐದು ತಿಂಗಳಿಗೆ ಬಿಟ್ಟುಹೋಯಿತು. ಯಾವುದರಿಂದ ಎಂದು ಕೇಳಿದರೆ ನನ್ನ ಓಟು ಟವೆಲ್ಲಿಗೆ.

ಸ್ಟೀರಾಯ್ಡ್ ಇಂಜೆಕ್ಷನ್ ಬೇಗ ಆರಾಮ ಕೊಡುತ್ತದೆ, ಆದರೆ ಆ ಆರಾಮ ಬಹಳ ದಿನ ನಿಲ್ಲದಿರಬಹುದು. ಪಟ್ಟಿ ಹರಿಯುವ, ಹಿಮ್ಮಡಿಯ ಮೆತ್ತೆ ತೆಳುವಾಗುವ ಅಪಾಯವೂ ಇದೆ. ಕೆಲವು ತಿಂಗಳು ಕಾದು, ಬೇರೆ ಎಲ್ಲ ಮಾಡಿದ ಮೇಲೆ ಅದರ ಬಗ್ಗೆ ಡಾಕ್ಟರ ಜೊತೆ ಮಾತಾಡಿ.

ಕೆಸರು ಹುಣ್ಣು: ಟ್ಯೂಬಿನ ಹಿಂದೆ ಓದಿ

ಭಾವ ಬೆಳಿಗ್ಗೆ ಗಮ್‌ಬೂಟು ಹಾಕಿದರೆ ಮಧ್ಯಾಹ್ನ ತೆಗೆಯುವುದು. ಒಳಗೆ ಬೆವರು, ಮೇಲಿಂದ ಮಳೆನೀರು. ಕಿರುಬೆರಳ ಸಂದಿ ಬೆಳ್ಳಗೆ ನೆನೆದು, ಸಿಪ್ಪೆ ಸುಲಿದು, ವಾಸನೆ, ತುರಿಕೆ.

ಇದು ಫಂಗಸ್ಸಿನ ಕೆಲಸ. ಅದಕ್ಕೆ ಕ್ಲೋಟ್ರಿಮಜೋಲ್ ಶೇ. 1ರ ಕ್ರೀಮ್ ದಿನಕ್ಕೆ ಎರಡು ಸಲ, ಎರಡರಿಂದ ನಾಲ್ಕು ವಾರ. ಟರ್ಬಿನಾಫಿನ್ ಶೇ. 1 ಆದರೆ ಸಾಮಾನ್ಯವಾಗಿ ಒಂದೆರಡು ವಾರ ಸಾಕು. ದಿನಾ ಹಚ್ಚಲು ಮರೆಯುವವರಿಗೆ ಎರಡನೆಯದು ಅನುಕೂಲ. ಯಾವುದೇ ಆದರೂ ತುರಿಕೆ ನಿಂತ ದಿನವೇ ಬಿಟ್ಟರೆ ಮುಂದಿನ ಮಳೆಗೆ ಮತ್ತೆ ಹಾಜರ್. ಪೌಡರ್ ಮತ್ತೆ ಬಾರದಂತೆ ತಡೆಯಲು ಸರಿ, ಬಂದದ್ದನ್ನು ವಾಸಿ ಮಾಡಲು ಅದೊಂದೇ ಸಾಲದು.

ನಿಜವಾದ ಮೋಸ ಇರುವುದು ಮಿಶ್ರಣದ ಟ್ಯೂಬುಗಳಲ್ಲಿ. ಭಾವ ಪೇಟೆಯ ಒಂದು ಅಂಗಡಿಯಲ್ಲಿ ಕಾಲು ತೋರಿಸಿ ಕೇಳಿದ್ದಕ್ಕೆ ಅಂಥದ್ದೇ ಕೊಟ್ಟರು. ಎರಡೇ ದಿನದಲ್ಲಿ ತುರಿಕೆ ಮಾಯ. ಮೂರನೇ ವಾರಕ್ಕೆ ಪಾದದ ಮೇಲಕ್ಕೂ ಹಬ್ಬಿತ್ತು. ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಕ್ಲೋಬೆಟಸಾಲ್ ಎಂದಿತ್ತು. ಅದು ಜೋರಾದ ಸ್ಟೀರಾಯ್ಡ್. ತುರಿಕೆ ಅಡಗಿಸುತ್ತದೆ, ಫಂಗಸ್ಸಿಗೆ ಬೆಳೆಯಲು ಬಿಡುತ್ತದೆ. ಕ್ಲೋಬೆಟಸಾಲ್, ಬೀಟಾಮೆಥಸೋನ್ ಎಂಬ ಹೆಸರು ಕಂಡರೆ ಡಾಕ್ಟರ ಚೀಟಿ ಇಲ್ಲದೆ ತಗೋಬೇಡಿ.

ಬೂಟನ್ನು ರಾತ್ರಿ ತಲೆಕೆಳಗಾಗಿ ನಿಲ್ಲಿಸಿ, ಮೊದಲು ಒಳಗೆ ಹಳೆಯ ಪೇಪರ್ ತುರುಕಿ ನೀರು ಹೀರಿಸಿ. ಸಾಧ್ಯವಾದರೆ ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿ. ಬೆರಳ ಸಂದಿಗೆ ಎಣ್ಣೆ, ತುಪ್ಪ, ವ್ಯಾಸಲೀನ್ ಬೇಡ. ಹಿಮ್ಮಡಿಗೆ ಬೇಕಾದದ್ದು ಸಂದಿಗೆ ಶತ್ರು.

ಆಣಿಯದ್ದು ಚಿಕ್ಕ ಮಾತು. ಮೆಡಿಕಲ್‌ನಲ್ಲಿ ಸಿಗುವ ಆಣಿ ಪಟ್ಟಿಯಲ್ಲಿ ಇರುವುದು ಸ್ಯಾಲಿಸಿಲಿಕ್ ಆಸಿಡ್. ಆರೋಗ್ಯವಂತರಿಗೆ ಪರವಾಗಿಲ್ಲ, ಶುಗರ್ ಇದ್ದವರಿಗೆ ಬೇಡ. ಬ್ಲೇಡ್ ಯಾರಿಗೂ ಬೇಡ. ಒತ್ತುವ ಶೂ ಬದಲಿಸದೆ ಆಣಿ ತೆಗೆದರೆ ಮತ್ತೆ ಬರುತ್ತದೆ. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆ ಅಗೆಯಬೇಡಿ.

ಅಂಗಡಿಗೆ ಹೋಗುವಾಗ

ಸಂಜೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಮನೆಯಲ್ಲೇ ರಟ್ಟಿನ ಮೇಲೆ ನಿಂತು ಎರಡೂ ಪಾದದ ಗೆರೆ ಎಳೆದು, ಕತ್ತರಿಸಿ ಒಯ್ಯಿರಿ. ರಟ್ಟು ಶೂ ಒಳಗೆ ಮಡಚಿಕೊಂಡರೆ ನಿಮ್ಮ ಕಾಲೂ ಮಡಚಿಕೊಳ್ಳುತ್ತದೆ. ಒಂದು ಕಾಲು ಇನ್ನೊಂದಕ್ಕಿಂತ ದೊಡ್ಡದಿರುವುದು ಸಾಮಾನ್ಯ, ದೊಡ್ಡದಕ್ಕೆ ಸರಿಯಾಗಿ ಕೊಳ್ಳಿ. ನಿಂತಾಗ ಉದ್ದದ ಬೆರಳಿನ ಮುಂದೆ ಹೆಬ್ಬೆಟ್ಟಿನ ಅಗಲದಷ್ಟು ಜಾಗ ಇರಬೇಕು. "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಸರ್" ಎಂದರೆ ಎದ್ದು ಬನ್ನಿ. ಅಪ್ಪನಂಥ ಕಾಲಿಗೆ ಆ ಸಡಿಲ ಆಗುವಷ್ಟರಲ್ಲಿ ಹುಣ್ಣು ಆಗಿರುತ್ತದೆ. ಹೊಸದನ್ನು ಮೊದಲ ದಿನ ಒಂದು ಗಂಟೆ ಮಾತ್ರ ಹಾಕಿ, ತೆಗೆದು ಪಾದ ನೋಡಿ. ಕೆಂಪು ಗುರುತು ಸ್ವಲ್ಪ ಹೊತ್ತಿನಲ್ಲಿ ಹೋಗದಿದ್ದರೆ ವಾಪಸ್ ಕೊಡಿ.

ಅಪ್ಪ ಈಗ ಎಂಸಿಆರ್ ಹಾಕುವ ಮೊದಲು ಎರಡನ್ನೂ ಜಗಲಿ ಕಂಬಕ್ಕೆ ಬಡಿದು, ಒಳಗೆ ಕೈಯಾಡಿಸಿ ನೋಡುತ್ತಾರೆ. ರಾತ್ರಿ ಮೊಮ್ಮಗಳು ಮೊಬೈಲ್ ಟಾರ್ಚ್ ಹಿಡಿದು ಅಂಗಾಲು ನೋಡಿ ವರದಿ ಕೊಡುತ್ತಾಳೆ. ಹೋದ ತಿಂಗಳು ಹಾಸನ್ನು ಹೆಬ್ಬೆರಳಲ್ಲಿ ಒತ್ತಿದಾಗ ಗುಳಿ ಹಾಗೇ ನಿಂತಿತು. ಒಂಬತ್ತು ತಿಂಗಳು ಬಾಳಿತ್ತು. ಅಟ್ಟೆ ಇನ್ನೂ ಗಟ್ಟಿ ಇದೆಯಲ್ಲ, ಯಾಕೆ ಬಿಸಾಡಬೇಕು ಎಂದು ಅಪ್ಪ ವಾದ ಮಾಡಿದರು. ಒಳಹಾಸು ಮಾತ್ರ ಬದಲಿಸಿ ಕೊಡುವ ಚಮ್ಮಾರರೊಬ್ಬರು ಬಸ್‌ಸ್ಟ್ಯಾಂಡಿನ ಹತ್ತಿರ ಸಿಕ್ಕಿದರು.